ಸುಳ್ಳೆಂದು ಬದಿಗಿಟ್ಟ ರಕ್ತಪರೀಕ್ಷೆ

1935ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯ ಒಂದು ಕಾನೂನು ಮಾಡಿತು. ಮದುವೆಗೆ ಪರವಾನಗಿ ಬೇಕಾದರೆ ವಧು, ವರ ಇಬ್ಬರೂ ತಮಗೆ ಸಿಫಿಲಿಸ್ ಇಲ್ಲವೆಂದು ತೋರಿಸುವ ರಕ್ತಪರೀಕ್ಷೆಯ ವರದಿ ತರಬೇಕು. ಕೆಲವೇ ವರ್ಷಗಳಲ್ಲಿ ಇನ್ನೂ ಹಲವು ರಾಜ್ಯಗಳು ಅದೇ ದಾರಿ ಹಿಡಿದವು. ಹಲವೆಡೆ ಗರ್ಭಿಣಿಯರಿಗೂ ಪರೀಕ್ಷೆ ಕಡ್ಡಾಯವಾಯಿತು. ಎರಡನೆಯ ಮಹಾಯುದ್ಧ ಬಂದಾಗ ಸೈನ್ಯಕ್ಕೆ ಸೇರುವ ಲಕ್ಷಗಟ್ಟಲೆ ಯುವಕರ ರಕ್ತವೂ ಪ್ರಯೋಗಾಲಯ ಸೇರಿತು. ರೋಗವೇ ಇಲ್ಲದವರ ರಕ್ತವನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದು ಅದೇ ಮೊದಲು. ಆಗ ಕಣ್ಣಿಗೆ ಬಿದ್ದದ್ದು ಯಾರೂ ನಿರೀಕ್ಷಿಸದ ಸಂಗತಿ: ಸಿಫಿಲಿಸ್ ತಗಲುವ ಸಂಭವವೇ ಇಲ್ಲದ ಕೆಲವರ ರಕ್ತವೂ 'ಇದೆ' ಎನ್ನುತ್ತಿತ್ತು.

ಆ ಕಾಲದಲ್ಲಿ ಇಂಥ ವರದಿ ಕೈಗೆ ಬಂದರೆ ಏನಾಗುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮದುವೆ ಮುರಿಯಬಹುದು. ಮದುವೆಯಾದವಳಾಗಿದ್ದರೆ ಗಂಡನ ಮನೆಯಲ್ಲಿ ತಲೆಯೆತ್ತುವಂತಿಲ್ಲ. ಪೆನಿಸಿಲಿನ್ ಬರುವ ಮುಂಚೆ ಚಿಕಿತ್ಸೆಯೆಂದರೆ ಆರ್ಸೆನಿಕ್ ಮತ್ತು ಬಿಸ್ಮತ್ ಚುಚ್ಚುಮದ್ದು. ಇಲ್ಲದ ರೋಗಕ್ಕೆ ಈ ವಿಷವನ್ನು ತಿಂಗಳುಗಟ್ಟಲೆ ಮೈಗೆ ಹತ್ತಿಸಿಕೊಂಡವರಿದ್ದರು. ಕೊನೆಗೆ ವೈದ್ಯರು 'ಇದು ಸುಳ್ಳು ಫಲಿತಾಂಶ' ಎಂದು ಒಪ್ಪಿ ಕಡತ ಮುಚ್ಚಿದರೆ ಅದೇ ದೊಡ್ಡ ಬಿಡುಗಡೆ. ಮುಚ್ಚಿದ ಆ ಕಡತಗಳೊಳಗೆ ಇನ್ನೊಂದು ರೋಗದ ಸುಳಿವು ಇತ್ತು. ಅದನ್ನು ಓದಿಕೊಳ್ಳಲು ಮುಂದೆ ನಾಲ್ಕು ದಶಕ ಹಿಡಿಯಿತು.

ಪರೀಕ್ಷೆ ಹುಟ್ಟಿದ್ದು 1906ರಲ್ಲಿ, ಬರ್ಲಿನ್‌ನಲ್ಲಿ. ಸಿಫಿಲಿಸ್ ತರುವ ಸುರುಳಿಯಾಕಾರದ ಜೀವಾಣುವನ್ನು ಶೌಡಿನ್ ಮತ್ತು ಹಾಫ್‌ಮನ್ ಹಿಂದಿನ ವರ್ಷವಷ್ಟೇ ಗುರುತಿಸಿದ್ದರು. ಆಗಸ್ಟ್ ಫಾನ್ ವಾಸರ್‌ಮನ್ ತನ್ನ ಸಹೋದ್ಯೋಗಿಗಳಾದ ನೈಸರ್ ಮತ್ತು ಬ್ರುಕ್ ಜತೆಗೂಡಿ ಆ ಜೀವಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು ರಕ್ತದಲ್ಲಿ ಹಿಡಿಯಲು ಹೊರಟರು. ಜೀವಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಆಗುತ್ತಿರಲಿಲ್ಲ. ಅದಕ್ಕಾಗಿ ಸಿಫಿಲಿಸ್‌ನಿಂದ ಸತ್ತು ಹುಟ್ಟಿದ ಶಿಶುಗಳ ಯಕೃತ್ತನ್ನು ಅರೆದು ಅದರ ಸಾರ ಬಳಸಿದರು. ಪರೀಕ್ಷೆ ಕೆಲಸ ಮಾಡಿತು, ಜಗತ್ತೆಲ್ಲ ಹರಡಿತು. ಆದರೆ ಒಂದೆರಡು ವರ್ಷದೊಳಗೇ ಲ್ಯಾಂಡ್‌ಸ್ಟೈನರ್ ಮೊದಲಾದವರು ಬುಡವನ್ನೇ ಅಲುಗಿಸುವ ಸಂಗತಿಯೊಂದನ್ನು ತೋರಿಸಿದರು. ರೋಗವಿಲ್ಲದ ಪ್ರಾಣಿಯ ಹೃದಯದ ಸಾರ ಹಾಕಿದರೂ ಪರೀಕ್ಷೆ ಅಷ್ಟೇ ಚೆನ್ನಾಗಿ ನಡೆಯುತ್ತಿತ್ತು. ಅಂದರೆ ರೋಗಿಯ ಪ್ರತಿಕಾಯ ಹಿಡಿಯುತ್ತಿದ್ದದ್ದು ಜೀವಾಣುವನ್ನಲ್ಲ, ಎಲ್ಲ ಪ್ರಾಣಿಗಳ ಜೀವಕೋಶಗಳಲ್ಲೂ ಇರುವ ಯಾವುದೋ ಕೊಬ್ಬಿನ ಅಂಶವನ್ನು. ತಪ್ಪು ಊಹೆಯ ಮೇಲೆ ಕಟ್ಟಿದ ಪರೀಕ್ಷೆ ಸರಿಯಾದ ಉತ್ತರ ಕೊಡುತ್ತಿತ್ತು. ಪೋಲೆಂಡಿನ ವೈದ್ಯ ಲುಡ್ವಿಕ್ ಫ್ಲೆಕ್, ವಿಜ್ಞಾನದ ಸತ್ಯಗಳು ಹೇಗೆ ರೂಪುಗೊಳ್ಳುತ್ತವೆ ಎಂದು ವಿಚಾರಿಸುವ ತನ್ನ 1935ರ ಪುಸ್ತಕಕ್ಕೆ ಇದನ್ನೇ ಮುಖ್ಯ ಉದಾಹರಣೆಯಾಗಿ ಆರಿಸಿಕೊಂಡ.

ಆ ಕೊಬ್ಬಿನ ಅಂಶ ಯಾವುದೆಂದು ತಿಳಿದದ್ದು 1941ರಲ್ಲಿ. ನ್ಯೂಯಾರ್ಕ್ ರಾಜ್ಯ ಆರೋಗ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಮೇರಿ ಪ್ಯಾಂಗ್‌ಬಾರ್ನ್ ದನದ ಹೃದಯದಿಂದ ಒಂದು ಫಾಸ್ಫೊಲಿಪಿಡ್ ಬೇರ್ಪಡಿಸಿ ಕಾರ್ಡಿಯೊಲಿಪಿನ್ ಎಂದು ಹೆಸರಿಟ್ಟರು. ಅದಕ್ಕೆ ಲೆಸಿಥಿನ್ ಮತ್ತು ಕೊಲೆಸ್ಟರಾಲ್ ಬೆರೆಸಿ ಮಾಡುವ ವಿಡಿಆರ್‌ಎಲ್ ಪರೀಕ್ಷೆ 1946ರಲ್ಲಿ ಬಂತು. ರಕ್ತದಿಂದ ಸೀರಂ ಬೇರೆ ಮಾಡಿ 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸುತ್ತಾರೆ. ಗಾಜಿನ ಬಿಲ್ಲೆಯ ಮೇಲೆ ಅದರ ಒಂದು ಹನಿ ಹಾಕಿ, ಅದಕ್ಕೆ ಕಾರ್ಡಿಯೊಲಿಪಿನ್ ಮಿಶ್ರಣದ ಹನಿ ಬಿಟ್ಟು ನಾಲ್ಕು ನಿಮಿಷ ತಿರುಗಿಸಿ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಸಣ್ಣ ಸಣ್ಣ ಕಣಗಳು ಒಟ್ಟುಗೂಡಿ ಗಂಟು ಗಂಟಾಗಿದ್ದರೆ ಪಾಸಿಟಿವ್. ಕರ್ನಾಟಕದ ಆಸ್ಪತ್ರೆಗಳಲ್ಲಿ ಬಸುರಿಯ ಮೊದಲ ರಕ್ತಪರೀಕ್ಷೆಯ ಚೀಟಿಯಲ್ಲಿ ಇಂದಿಗೂ ಬರೆಯುವ ವಿಡಿಆರ್‌ಎಲ್ ಇದೇ.

ಸುಳ್ಳು ಫಲಿತಾಂಶವನ್ನು ಗಂಭೀರವಾಗಿ ತೆಗೆದುಕೊಂಡವರು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಜೋಸೆಫ್ ಅರ್ಲ್ ಮೂರ್. ಸಿಫಿಲಿಸ್ ಚಿಕಿತ್ಸೆಯಲ್ಲಿ ದೊಡ್ಡ ಹೆಸರು ಮಾಡಿದವರು. 1949ರಲ್ಲಿ ಅದೇ ಸಂಸ್ಥೆಯ ನೆಲ್ಸನ್ ಮತ್ತು ಮೇಯರ್ ಹೊಸ ಪರೀಕ್ಷೆಯೊಂದನ್ನು ರೂಪಿಸಿದ್ದರು: ಜೀವಂತ ಜೀವಾಣುಗಳ ಮೇಲೆ ರೋಗಿಯ ಸೀರಂ ಬಿಟ್ಟರೆ, ನಿಜವಾಗಿ ಸಿಫಿಲಿಸ್ ತಗಲಿದವರ ಸೀರಂನಲ್ಲಿ ಮಾತ್ರ ಅವು ಚಲನೆ ನಿಲ್ಲಿಸುತ್ತವೆ. ಈಗ ನಿಜ ಯಾವುದು, ಸುಳ್ಳು ಯಾವುದು ಎಂದು ವಿಂಗಡಿಸಬಹುದಾಗಿತ್ತು. 1952ರಲ್ಲಿ ಮೂರ್ ಮತ್ತು ಮೋರ್ ಸುಳ್ಳು ಫಲಿತಾಂಶಗಳಲ್ಲೇ ಎರಡು ಬಗೆ ಎಂದರು. ಮಲೇರಿಯಾ, ನ್ಯುಮೋನಿಯಾ, ಲಸಿಕೆಯ ನಂತರ ಕಾಣಿಸಿಕೊಂಡು ತಿಂಗಳುಗಳಲ್ಲಿ ಮಾಯವಾಗುವುದು ಒಂದು. ವರ್ಷಗಟ್ಟಲೆ ಹಾಗೇ ಉಳಿಯುವುದು ಇನ್ನೊಂದು. ಮೂರ್ ಎರಡನೆಯ ಬಗೆಯವರ ಬೆನ್ನು ಹತ್ತಿದರು. 1955ರಲ್ಲಿ ಲುಟ್ಜ್ ಜತೆ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ 148 ಮಂದಿ ಇದ್ದರು. ಅವರಲ್ಲಿ ಕೆಲವರಿಗೆ ಲೂಪಸ್ ಪೂರ್ಣರೂಪದಲ್ಲಿ ಕಾಣಿಸಿಕೊಂಡಿತ್ತು. ಇನ್ನೂ ಅನೇಕರಲ್ಲಿ ಅದರ ಚಿಹ್ನೆಗಳು ಅಲ್ಲೊಂದು ಇಲ್ಲೊಂದು ಇದ್ದವು.

ಲೂಪಸ್ ಎಂದರೆ ದೇಹದ ರಕ್ಷಣಾವ್ಯವಸ್ಥೆ ತನ್ನ ಅಂಗಾಂಶಗಳನ್ನೇ ಶತ್ರುವೆಂದು ಭಾವಿಸಿ ಅವುಗಳ ವಿರುದ್ಧ ಪ್ರತಿಕಾಯ ತಯಾರಿಸುವ ಕಾಯಿಲೆ. ಚರ್ಮ, ಕೀಲು, ಮೂತ್ರಪಿಂಡ, ಮಿದುಳು ಯಾವುದಕ್ಕೂ ಪೆಟ್ಟು ಬೀಳಬಹುದು. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು, ಅದೂ ಹೆಚ್ಚಾಗಿ ಹೆರುವ ವಯಸ್ಸಿನವರು. 1948ರಲ್ಲಿ ಮೇಯೊ ಕ್ಲಿನಿಕ್‌ನ ಹಾರ್‌ಗ್ರೇವ್ಸ್ ಅದರ ಗುರುತಾದ ವಿಶೇಷ ಕೋಶವನ್ನು ಕಂಡಮೇಲೆ ಲೂಪಸ್ ಪತ್ತೆ ಮಾಡುವುದು ಸುಲಭವಾಗಿತ್ತು. ವೈದ್ಯರು ಹುಡುಕತೊಡಗಿದ್ದರು.

ಮೂರ್ ಲೇಖನ ಬಂದ 1952ರಲ್ಲೇ, ಅದೇ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ರಕ್ತತಜ್ಞರಾದ ಕಾನ್ಲಿ ಮತ್ತು ಹಾರ್ಟ್‌ಮನ್ ಇಬ್ಬರು ಲೂಪಸ್ ರೋಗಿಗಳ ವಿಚಿತ್ರ ವಿವರ ಪ್ರಕಟಿಸಿದರು. ಅವರ ರಕ್ತ ಗಾಜಿನ ನಳಿಕೆಯಲ್ಲಿ ಹೆಪ್ಪುಗಟ್ಟಲು ತುಂಬ ಹೊತ್ತು ತೆಗೆದುಕೊಳ್ಳುತ್ತಿತ್ತು. ಸಾಮಾನ್ಯವಾಗಿ ಹೀಗಾಗುವುದು ರಕ್ತದಲ್ಲಿ ಏನೋ ಕೊರತೆಯಿದ್ದಾಗ, ಹಿಮೊಫಿಲಿಯಾದಲ್ಲಿ ಆಗುವ ಹಾಗೆ. ಆಗ ಆರೋಗ್ಯವಂತರ ಪ್ಲಾಸ್ಮಾ ಬೆರೆಸಿದರೆ ಕೊರತೆ ತುಂಬಿ ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತದೆ. ಇಲ್ಲಿ ಬೆರೆಸಿದರೂ ಸರಿಹೋಗಲಿಲ್ಲ. ಬದಲಿಗೆ ಆರೋಗ್ಯವಂತರ ಪ್ಲಾಸ್ಮಾ ಕೂಡ ನಿಧಾನವಾಯಿತು. ಕೊರತೆಯಲ್ಲ, ತಡೆಯೊಡ್ಡುವ ಏನೋ ಆ ರಕ್ತದಲ್ಲೇ ಓಡಾಡುತ್ತಿದೆ ಎಂದಾಯಿತು. 1957ರಲ್ಲಿ ಸ್ವೀಡನ್ನಿನ ಇಬ್ಬರು ಮಹಿಳೆಯರು, ಅನ್ನಾ-ಬ್ರಿಟಾ ಲೌರೆಲ್ ಮತ್ತು ಇಂಗಾ ಮರೀ ನಿಲ್ಸನ್, ಎರಡು ತುದಿಗಳನ್ನು ಕೂಡಿಸಿದರು. ಸಿಫಿಲಿಸ್ ಪರೀಕ್ಷೆಯ ಕೊಬ್ಬಿನ ಮಿಶ್ರಣವನ್ನು ರೋಗಿಯ ಪ್ಲಾಸ್ಮಾಗೆ ಬೆರೆಸಿ ತೆಗೆದಾಗ ಆ ತಡೆಯೂ ಅದರ ಜತೆ ಹೊರಬಂತು. ಸುಳ್ಳು ಫಲಿತಾಂಶ ಕೊಡುವ ಪ್ರತಿಕಾಯಕ್ಕೂ ಹೆಪ್ಪುಗಟ್ಟುವುದನ್ನು ತಡೆಯುವ ಪ್ರತಿಕಾಯಕ್ಕೂ ನಂಟು ಇದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿರಲಿಲ್ಲ. ಈ ಇಡೀ ಕಥೆಯಲ್ಲಿ ಸಲ್ಲಬೇಕಾದಷ್ಟು ಗೌರವ ಸಲ್ಲದೆ ಉಳಿದ ಕೆಲಸ ಇದು ಎಂದು ನನ್ನ ಭಾವನೆ.

ಇಲ್ಲಿಂದ ಮುಂದೆ ದಾರಿ ತಪ್ಪಿತು. ರಕ್ತ ಹೆಪ್ಪುಗಟ್ಟಲು ತಡವಾಗುತ್ತದೆ ಎಂದರೆ ರೋಗಿಗೆ ರಕ್ತಸ್ರಾವದ ಅಪಾಯವಿದೆ ಎಂದೇ ಯಾರಾದರೂ ಎಣಿಸುತ್ತಾರೆ. ವೈದ್ಯರೂ ಹಾಗೇ ಎಣಿಸಿದರು. ಆದರೆ ಹಾಸಿಗೆಯ ಮೇಲಿದ್ದವರಲ್ಲಿ ಕಾಣುತ್ತಿದ್ದದ್ದು ಬೇರೆಯೇ. ಕಾಲು ಬಾತುಕೊಂಡು ರಕ್ತನಾಳದಲ್ಲಿ ರಕ್ತ ಗಟ್ಟಿಯಾಗಿರುತ್ತಿತ್ತು, ಆ ಗಂಟು ಶ್ವಾಸಕೋಶಕ್ಕೆ ಹೋಗಿ ಕೂರುತ್ತಿತ್ತು. 1963ರಲ್ಲಿ ಮೇಯೊ ಕ್ಲಿನಿಕ್‌ನ ವಾಲ್ಟರ್ ಬೋವಿ ಮತ್ತು ಸಂಗಡಿಗರು, ಹೆಪ್ಪು ತಡೆಯುವ ಅಂಶ ರಕ್ತದಲ್ಲಿದ್ದರೂ ಲೂಪಸ್ ರೋಗಿಗಳ ರಕ್ತನಾಳಗಳಲ್ಲಿ ಹೆಪ್ಪುಗಟ್ಟುತ್ತಿದೆ ಎಂದು ಬರೆದರು. 'ಇದ್ದರೂ' ಎಂದೇ ಬರೆದರು. ಅದು ಇರುವುದರಿಂದಲೇ ಹೀಗಾಗುತ್ತಿದೆ ಎಂಬ ಯೋಚನೆ ಇನ್ನೂ ಯಾರಿಗೂ ಬಂದಿರಲಿಲ್ಲ. 1972ರಲ್ಲಿ ಫೈನ್‌ಸ್ಟೈನ್ ಮತ್ತು ರ‍್ಯಾಪಪೋರ್ಟ್ ಇದಕ್ಕೆ 'ಲೂಪಸ್ ಆಂಟಿಕೊಆಗ್ಯುಲಂಟ್' ಎಂದು ಹೆಸರಿಟ್ಟರು. ಹೆಪ್ಪುಗಟ್ಟುವುದನ್ನು ತಡೆಯುವುದು ಎಂದು ಹೆಸರಿನಲ್ಲೇ ಇದ್ದ ಮೇಲೆ, ಅದೇ ರೋಗಿಗೆ ಹೆಪ್ಪು ತಡೆಯುವ ಔಷಧಿ ಕೊಡಬೇಕೆಂದು ಯಾವ ವೈದ್ಯನಿಗೆ ಧೈರ್ಯ ಬಂದೀತು?

ನಿಜಕ್ಕೂ ಆಗುತ್ತಿದ್ದದ್ದು ಇಷ್ಟು. ರಕ್ತ ಹೆಪ್ಪುಗಟ್ಟಬೇಕಾದರೆ ಅದರ ಪ್ರೋಟೀನುಗಳಿಗೆ ಕೂತು ಕೆಲಸ ಮಾಡಲು ಫಾಸ್ಫೊಲಿಪಿಡ್‌ನ ಮೇಲ್ಮೈ ಬೇಕು. ನಳಿಕೆಯಲ್ಲಿ ಅದು ಇರುವುದು ನಾವು ಹಾಕಿದಷ್ಟೇ. ಪ್ರತಿಕಾಯಗಳು ಆ ಜಾಗವನ್ನೆಲ್ಲ ಮೊದಲೇ ಆಕ್ರಮಿಸಿ ಕೂತುಬಿಟ್ಟರೆ ಪರೀಕ್ಷೆ ನಿಧಾನವಾಗುತ್ತದೆ. ಮೈಯೊಳಗೆ ಜಾಗಕ್ಕೆ ಬರವಿಲ್ಲ. ಅಲ್ಲಿ ಅದೇ ಪ್ರತಿಕಾಯಗಳು ರಕ್ತನಾಳದ ಒಳಪದರವನ್ನೂ ಪ್ಲೇಟ್‌ಲೆಟ್‌ಗಳನ್ನೂ ಕೆರಳಿಸಿ ಹೆಪ್ಪುಗಟ್ಟುವ ಕ್ರಿಯೆಗೆ ಚಾಲನೆ ಕೊಡುತ್ತವೆ.

ಇನ್ನೊಂದು ಸಾಲು ಮೊದಲಿನಿಂದಲೂ ಬೇರೆಯಾಗಿ ಹರಿಯುತ್ತಿತ್ತು. 1954ರಲ್ಲೇ ಪ್ಯಾರಿಸ್‌ನ ಬೋಮಾಂಟ್, ರಕ್ತದಲ್ಲಿ ಹೆಪ್ಪು ತಡೆಯುವ ಈ ಅಂಶವಿದ್ದು ಮತ್ತೆ ಮತ್ತೆ ಗರ್ಭಪಾತವಾಗಿದ್ದ ಹೆಣ್ಣೊಬ್ಬಳ ಬಗ್ಗೆ ವರದಿ ಮಾಡಿದ್ದರು. 1975ರಲ್ಲಿ ನಿಲ್ಸನ್ ತಂಡ, 1980ರಲ್ಲಿ ಪ್ಯಾರಿಸ್‌ನ ಸೂಲಿಯೇ ಮತ್ತು ಬೊಫಾ ಇದನ್ನೇ ಹೇಳಿದರು. ಅತ್ತ 1965ರಲ್ಲಿ ಇಂಗ್ಲೆಂಡಿನ ಚರ್ಮತಜ್ಞ ಸ್ನೆಡನ್, ಚರ್ಮದ ಮೇಲೆ ಬಲೆಯಂಥ ನೀಲಿ ಗುರುತು ಮೂಡಿ ಚಿಕ್ಕ ವಯಸ್ಸಿನಲ್ಲೇ ಲಕ್ವ ಹೊಡೆದ ಆರು ರೋಗಿಗಳ ಕಥೆ ಬರೆದಿದ್ದರು. ಚರ್ಮದ ವೈದ್ಯರ ಬಳಿ ಒಂದು ತುಂಡು, ಪ್ರಸೂತಿ ವೈದ್ಯರ ಬಳಿ ಒಂದು, ರಕ್ತತಜ್ಞರ ಬಳಿ ಒಂದು, ಲೈಂಗಿಕ ರೋಗತಜ್ಞರ ಬಳಿ ಒಂದು. ಒಬ್ಬರು ಓದುವ ಪತ್ರಿಕೆಯನ್ನು ಇನ್ನೊಬ್ಬರು ಓದುತ್ತಿರಲಿಲ್ಲ. ಮೂರು ನಾಲ್ಕು ಸಲ ಬಸಿರು ಇಳಿದುಹೋದವಳಿಗೆ ಪ್ರಪಂಚದ ಯಾವ ಮೂಲೆಯಲ್ಲೂ ಸಿಗುತ್ತಿದ್ದದ್ದು ಒಂದೇ ಉತ್ತರ: ದುರದೃಷ್ಟ, ಇನ್ನೊಮ್ಮೆ ಪ್ರಯತ್ನಿಸಿ.

ತುಂಡುಗಳು ಒಂದೆಡೆ ಸೇರಿದ್ದು ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ, ಗ್ರಹಾಂ ಹ್ಯೂಸ್ ನಡೆಸುತ್ತಿದ್ದ ಲೂಪಸ್ ಚಿಕಿತ್ಸಾಲಯದಲ್ಲಿ. ಹ್ಯೂಸ್ 70ರ ದಶಕದಲ್ಲಿ ಕೆಲಕಾಲ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಕೆಲಸ ಮಾಡಿದ್ದರು. ಅಲ್ಲಿ ನರಗಳ ತೊಂದರೆಯಿಂದ ಕಾಲು ಸ್ವಾಧೀನ ಕಳೆದುಕೊಂಡವರ ರಕ್ತದ ವಿಚಿತ್ರಗಳು ಅವರ ತಲೆಯಲ್ಲಿ ಉಳಿದಿದ್ದವು. ಹ್ಯಾಮರ್‌ಸ್ಮಿತ್‌ನಲ್ಲಿ ಅವರ ಸುತ್ತ ಸೇರಿದ ಯುವ ಸಂಶೋಧಕರು ದೇಶದೇಶಗಳವರು: ಗಯಾನಾ ಮೂಲದ ನೈಜೆಲ್ ಹ್ಯಾರಿಸ್, ಇರಾನಿನ ಅಜೀಜ್ ಘರಾವಿ, ಸಿಂಗಪುರದ ಬೋಯ್. ಚಿಕಿತ್ಸಾಲಯಕ್ಕೆ ಬರುತ್ತಿದ್ದ ಹೆಂಗಸರ ಪೂರ್ವಕಥೆ ಕೇಳಿ ಬರೆದುಕೊಂಡಾಗ ಒಂದೇ ಚಿತ್ರ ಮರಳಿ ಮರಳಿ ಕಂಡಿತು. ಹಿಂದೆ ಯಾವಾಗಲೋ ಕಾಲಿನಲ್ಲಿ ಹೆಪ್ಪುಗಟ್ಟಿತ್ತು. ಅರೆತಲೆನೋವು ಇತ್ತು, ಕೆಲವರಿಗೆ ಲಕ್ವವೂ ಆಗಿತ್ತು. ಹಲವು ಗರ್ಭ ಉಳಿದಿರಲಿಲ್ಲ. ಪ್ಲೇಟ್‌ಲೆಟ್ ಸ್ವಲ್ಪ ಕಡಿಮೆ. ಮೊಣಕಾಲ ಮೇಲೆ ಬಲೆಯ ಗುರುತು. ಕೆಲವರಲ್ಲಿ ಲೂಪಸ್‌ನ ಬೇರೆ ಯಾವ ಲಕ್ಷಣವೂ ಇರಲಿಲ್ಲ. 1983ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಪುಟ್ಟ ಸಂಪಾದಕೀಯವೊಂದರಲ್ಲಿ ಹ್ಯೂಸ್ ಇದನ್ನೆಲ್ಲ ಒಂದೇ ಕಾಯಿಲೆಯಾಗಿ ಮುಂದಿಟ್ಟರು. ಮುಂದಿನ ತಿಂಗಳು ಲ್ಯಾನ್ಸೆಟ್‌ನಲ್ಲಿ ಹ್ಯಾರಿಸ್ ಮೊದಲ ಲೇಖಕರಾಗಿ ಹೊಸ ಪರೀಕ್ಷೆ ಪ್ರಕಟವಾಯಿತು. ಪ್ಲಾಸ್ಟಿಕ್ ಫಲಕದ ಸಣ್ಣ ಕುಳಿಗಳಿಗೆ ಕಾರ್ಡಿಯೊಲಿಪಿನ್ ಲೇಪಿಸಿ ಪ್ರತಿಕಾಯವನ್ನು ಅಳೆಯುವ ವಿಧಾನ ಅದು, ಹಳೆಯ ವಿಡಿಆರ್‌ಎಲ್ ವಿಧಾನಕ್ಕಿಂತ 200ರಿಂದ 400 ಪಟ್ಟು ಸೂಕ್ಷ್ಮ. ಲೂಪಸ್ ಮತ್ತು ಸಂಬಂಧಪಟ್ಟ ಕಾಯಿಲೆಗಳ 65 ಮಂದಿಯಲ್ಲಿ ಶೇ. 61ರಷ್ಟು ಜನರಲ್ಲಿ ಪ್ರತಿಕಾಯ ಹೆಚ್ಚಿತ್ತು. ಪ್ರತಿಕಾಯಕ್ಕೂ ರಕ್ತನಾಳದ ಹೆಪ್ಪಿಗೂ ನಂಟು ಸ್ಪಷ್ಟವಾಗಿ ಕಂಡಿತು.

ಯಾರು ಮೊದಲು ಕಂಡರು ಎಂಬ ವಾದ ಇಂದಿಗೂ ಇದೆ. ಕಾಯಿಲೆಯನ್ನು ಹ್ಯೂಸ್ ಹೆಸರಿನಿಂದ ಕರೆಯುವವರಿದ್ದಾರೆ. ಬೋಮಾಂಟ್, ನಿಲ್ಸನ್, ಬೋವಿ, ಸೂಲಿಯೇ ಮೊದಲೇ ಹೇಳಿದ್ದರಲ್ಲವೇ ಎಂದು ಕೇಳುವವರೂ ಇದ್ದಾರೆ. ಒಂದೊಂದು ಸಂಗತಿಯನ್ನು ಅವರು ಮೊದಲು ಕಂಡದ್ದು ನಿಜ. ಆದರೆ ಇದು ಲೂಪಸ್‌ನ ಬಾಲವಲ್ಲ, ತನ್ನದೇ ಆದ ಕಾಯಿಲೆ, ಇದಕ್ಕೆ ಚಿಕಿತ್ಸೆ ಇದೆ ಎಂದು ಜಗತ್ತನ್ನು ಒಪ್ಪಿಸಿದ್ದು ಹ್ಯಾಮರ್‌ಸ್ಮಿತ್ ತಂಡ. ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಎಂಬ ಹೆಸರು ನೆಲೆಯಾದದ್ದು ಆಮೇಲೆ.

ಪತ್ತೆಗೆ ಇನ್ನೊಂದು ಪರೀಕ್ಷೆ 1986ರಲ್ಲಿ ಬಂತು. ತ್ಯಾಗರಾಜನ್, ಪೆಂಗೊ ಮತ್ತು ಶಪಿರೊ ರೂಪಿಸಿದ ಅದರಲ್ಲಿ ಬಳಸುವುದು ನಮ್ಮ ಹೊಲಗದ್ದೆಗಳ ಕೊಳಕುಮಂಡಲದ ವಿಷ. ಆ ಹಾವು ಕಚ್ಚಿದರೆ ರಕ್ತದ ಹೆಪ್ಪುಗಟ್ಟಿಸುವ ಅಂಶಗಳೆಲ್ಲ ಒಮ್ಮೆಗೇ ಖರ್ಚಾಗಿ, ಆಮೇಲೆ ರಕ್ತ ಹೆಪ್ಪುಗಟ್ಟುವುದೇ ಇಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಕಚ್ಚಿಸಿಕೊಂಡವರ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ನೋಡುವುದು ಇದೇ ಕಾರಣಕ್ಕೆ. ಪ್ರಯೋಗಾಲಯದಲ್ಲಿ ಅದೇ ವಿಷವನ್ನು ತೀರ ತೆಳುವಾಗಿಸಿ, ಬೇಕೆಂದೇ ಕಡಿಮೆ ಫಾಸ್ಫೊಲಿಪಿಡ್ ಜತೆ ಪ್ಲಾಸ್ಮಾಗೆ ಹಾಕುತ್ತಾರೆ. ವಿಷ ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಹತ್ತನೆಯದನ್ನು ನೇರವಾಗಿ ಎಬ್ಬಿಸುವುದರಿಂದ ಮೇಲಿನ ಹಂತಗಳ ಗೊಂದಲವಿಲ್ಲ. ಹೆಪ್ಪುಗಟ್ಟಲು ತಡವಾಗಿ, ಫಾಸ್ಫೊಲಿಪಿಡ್ ಹೆಚ್ಚಿಸಿದ ಕೂಡಲೆ ಸರಿಹೋದರೆ ಪ್ರತಿಕಾಯ ಸಿಕ್ಕಿಬಿದ್ದ ಹಾಗೆ.

ಒಂದು ಪ್ರಶ್ನೆ ಮಾತ್ರ ಎಲ್ಲರನ್ನೂ ಕಾಡುತ್ತಿತ್ತು. ನಿಜವಾದ ಸಿಫಿಲಿಸ್ ಇದ್ದವರ ರಕ್ತದಲ್ಲೂ ಕಾರ್ಡಿಯೊಲಿಪಿನ್ ವಿರುದ್ಧ ಪ್ರತಿಕಾಯ ಧಾರಾಳವಾಗಿ ಇರುತ್ತದೆ. ಅವರಿಗೇಕೆ ಹೀಗೆ ಹೆಪ್ಪುಗಟ್ಟುವುದಿಲ್ಲ? ಉತ್ತರ ಬಂದದ್ದು 1990ರಲ್ಲಿ, ಮೂರು ಖಂಡಗಳಿಂದ ಹೆಚ್ಚುಕಡಿಮೆ ಒಟ್ಟಿಗೇ: ಸಿಡ್ನಿಯ ಮೆಕ್‌ನೀಲ್ ಮತ್ತು ಕ್ರಿಲಿಸ್, ನೆದರ್‌ಲ್ಯಾಂಡ್ಸ್‌ನಲ್ಲಿ ಗಾಲಿ, ಜಪಾನಿನಲ್ಲಿ ಮತ್ಸುಉರಾ. ಪ್ರತಿಕಾಯವನ್ನು ಚೆನ್ನಾಗಿ ಶುದ್ಧಿ ಮಾಡಿ ಕಾರ್ಡಿಯೊಲಿಪಿನ್ ಮೇಲೆ ಬಿಟ್ಟರೆ ಅದು ಅಂಟಲೇ ಇಲ್ಲ. ಒಂದಿಷ್ಟು ಸೀರಂ ಬೆರೆಸಿದರೆ ಅಂಟಿತು. ಸೀರಂನಲ್ಲಿದ್ದ ಬೀಟಾ-2 ಗ್ಲೈಕೊಪ್ರೋಟೀನ್ ಎಂಬ ಪ್ರೋಟೀನು ಕೊಬ್ಬಿಗೆ ಅಂಟುತ್ತಿತ್ತು, ಪ್ರತಿಕಾಯ ಆ ಪ್ರೋಟೀನನ್ನು ಹಿಡಿಯುತ್ತಿತ್ತು. ಅಲ್ಲಿಯವರೆಗಿನ ಪರೀಕ್ಷೆಗಳಲ್ಲಿ ಕುಳಿಗಳ ಖಾಲಿ ಜಾಗ ಮುಚ್ಚಲು ಬಳಸುತ್ತಿದ್ದ ದನದ ಸೀರಂನಿಂದಲೇ ಅದು ಯಾರ ಅರಿವಿಗೂ ಬಾರದೆ ಒಳಸೇರುತ್ತಿತ್ತು. ಸಿಫಿಲಿಸ್ ರೋಗಿಗಳ ಪ್ರತಿಕಾಯ ಹಾಗಲ್ಲ, ಅದಕ್ಕೆ ಈ ಪ್ರೋಟೀನಿನ ಹಂಗಿಲ್ಲ, ಕೊಬ್ಬಿಗೇ ನೇರ ಅಂಟುತ್ತದೆ. ವಾಸರ್‌ಮನ್ ಕಾಲದಿಂದ ಒಂದೇ ಎಂದುಕೊಂಡಿದ್ದದ್ದು ಎರಡಾಗಿತ್ತು.

ಗರ್ಭಿಣಿಯರ ಚಿಕಿತ್ಸೆ ಸ್ಟೀರಾಯ್ಡ್‌ನಿಂದ ಶುರುವಾಯಿತು. 1983ರಲ್ಲಿ ನ್ಯೂಜಿಲೆಂಡಿನ ಲಬ್, ಪ್ರೆಡ್ನಿಸೋನ್ ಕೊಟ್ಟು ಕೆಲವರ ಮಗುವನ್ನು ಉಳಿಸಿದ ವರದಿ ಕೊಟ್ಟರು. ಆದರೆ ಅಷ್ಟು ಸ್ಟೀರಾಯ್ಡ್ ತಾಯಿಯ ಮೈಗೆ ಭಾರವಾಗುತ್ತಿತ್ತು. ನಿರ್ಣಾಯಕ ಪ್ರಯೋಗ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ರಾಯ್ ಮತ್ತು ರೀಗನ್ ನಡೆಸಿ 1997ರಲ್ಲಿ ಪ್ರಕಟಿಸಿದ್ದು. ಮತ್ತೆ ಮತ್ತೆ ಗರ್ಭಪಾತವಾಗಿದ್ದ, ಈ ಪ್ರತಿಕಾಯವಿದ್ದ 90 ಹೆಂಗಸರಲ್ಲಿ 45 ಮಂದಿಗೆ ಬರೀ ಆಸ್ಪಿರಿನ್, 45 ಮಂದಿಗೆ ಆಸ್ಪಿರಿನ್ ಜತೆ ಹೆಪಾರಿನ್ ಚುಚ್ಚುಮದ್ದು. ಮೊದಲ ಗುಂಪಿನಲ್ಲಿ 19 ಮಂದಿಗೆ ಜೀವಂತ ಮಗು, ಎರಡನೆಯದರಲ್ಲಿ 32 ಮಂದಿಗೆ. ದಿನಕ್ಕೆರಡು ಸಲ ತಮ್ಮ ಚರ್ಮಕ್ಕೆ ತಾವೇ ಸೂಜಿ ಚುಚ್ಚಿಕೊಂಡು ತಿಂಗಳುಗಳನ್ನು ಎಣಿಸಿದ ತಾಯಂದಿರು ಇವರು.

ಹೆಪಾರಿನ್ ರಕ್ತವನ್ನು ತೆಳುವಾಗಿಸಿದ್ದರಿಂದ ಮಾಸಿನಲ್ಲಿ ಹೆಪ್ಪುಗಟ್ಟಲಿಲ್ಲ, ಮಗು ಉಳಿಯಿತು ಎಂಬ ವಿವರಣೆ ಎಲ್ಲರಿಗೂ ಒಪ್ಪಿಗೆಯಾಗಿತ್ತು. ಆದರೆ ಗರ್ಭ ಕಳೆದುಕೊಂಡ ಅನೇಕರ ಮಾಸನ್ನು ಪರೀಕ್ಷಿಸಿದರೆ ಅಲ್ಲಿ ಹೆಪ್ಪೇ ಕಾಣುತ್ತಿರಲಿಲ್ಲ. 2004ರಲ್ಲಿ ನ್ಯೂಯಾರ್ಕಿನ ಗಿರಾರ್ಡಿ ಮತ್ತು ಸಾಲ್ಮನ್ ಇಲಿಗಳಲ್ಲಿ ಬೇರೆ ದಾರಿ ತೋರಿಸಿದರು. ರಕ್ಷಣಾವ್ಯವಸ್ಥೆಯ ಭಾಗವಾದ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಗುಂಪು ಕೆರಳಿ ಗರ್ಭಕ್ಕೆ ಉರಿಯೂತ ತರುತ್ತದೆ, ಹೆಪಾರಿನ್ ತಣಿಸುವುದು ಅದನ್ನು. ಹೆಪ್ಪು ತಡೆಯುವ, ಆದರೆ ಕಾಂಪ್ಲಿಮೆಂಟನ್ನು ತಡೆಯದ ಬೇರೆ ಔಷಧಿಗಳು ಆ ಇಲಿಗಳ ಗರ್ಭ ಉಳಿಸಲಿಲ್ಲ.

ಹೆಪ್ಪುಗಟ್ಟಿದವರ ಚಿಕಿತ್ಸೆಯಲ್ಲಿ ಜಗಳ ನಡೆದದ್ದು ಎಷ್ಟು ತೆಳು ಮಾಡಬೇಕು ಎಂಬುದರ ಮೇಲೆ. 1995ರಲ್ಲಿ ಖಮಾಷ್ತಾ ಮತ್ತು ಹ್ಯೂಸ್ ತಂಡ 147 ರೋಗಿಗಳ ದಾಖಲೆ ತೆಗೆದು ನೋಡಿದಾಗ ಶೇ. 69ರಷ್ಟು ಜನರಿಗೆ ಮತ್ತೆ ಹೆಪ್ಪುಗಟ್ಟಿತ್ತು. ಹೆಪ್ಪು ತಡೆಯುವ ವಾರ್ಫರಿನ್ ಮಾತ್ರೆಯ ಪ್ರಮಾಣ ಏರಿಸಿ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ಅಳೆಯುವ ಐಎನ್ಆರ್ ಅನ್ನು 3ರ ಮೇಲೆ ಇಡಬೇಕು ಎಂದು ಅವರ ಸಲಹೆ. 2003ರಲ್ಲಿ ಕೆನಡಾದ ಕ್ರೌದರ್ ನಡೆಸಿದ ಪ್ರಯೋಗದಲ್ಲಿ 2ರಿಂದ 3ರ ನಡುವೆ ಇಟ್ಟರೂ ಸಾಕೆಂದಾಯಿತು. ವಾರ್ಫರಿನ್ ಕಿರಿಕಿರಿಯ ಔಷಧಿ: ಪದೇ ಪದೇ ರಕ್ತಪರೀಕ್ಷೆ, ಸೊಪ್ಪು ತಿನ್ನುವುದರಲ್ಲೂ ಲೆಕ್ಕ. ಹಾಗಾಗಿ ಪರೀಕ್ಷೆಯ ಗೊಡವೆಯಿಲ್ಲದ ಹೊಸ ಮಾತ್ರೆಗಳು ಬಂದಾಗ ರೋಗಿಗಳು ಆಸೆಯಿಂದ ಕಾದರು. ಇಟಲಿಯ ಪೆಂಗೊ, ಲೂಪಸ್ ಆಂಟಿಕೊಆಗ್ಯುಲಂಟ್, ಕಾರ್ಡಿಯೊಲಿಪಿನ್, ಬೀಟಾ-2 ಗ್ಲೈಕೊಪ್ರೋಟೀನ್ ಮೂರೂ ಪರೀಕ್ಷೆಗಳಲ್ಲಿ ಪಾಸಿಟಿವ್ ಬಂದ ಹೆಚ್ಚು ಅಪಾಯದ 120 ಮಂದಿಯಲ್ಲಿ ಅಂಥ ಒಂದು ಮಾತ್ರೆಯಾದ ರಿವರಾಕ್ಸಬಾನ್ ಅನ್ನು ವಾರ್ಫರಿನ್ ಜತೆ ಹೋಲಿಸಿದರು. ಹೊಸ ಮಾತ್ರೆಯ ಗುಂಪಿನಲ್ಲಿ ಶೇ. 19, ವಾರ್ಫರಿನ್ ಗುಂಪಿನಲ್ಲಿ ಶೇ. 3ರಷ್ಟು ಜನರಿಗೆ ತೊಂದರೆಯಾಗಿ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಹಳೆಯ ವಾರ್ಫರಿನ್ ಉಳಿಯಿತು.

ಈಗಿನ ಜಗಳ 2023ರದು. 1998ರಲ್ಲಿ ಸಪೊರೊದಲ್ಲಿ, ಆಮೇಲೆ ಸಿಡ್ನಿಯಲ್ಲಿ ಒಪ್ಪಿಕೊಂಡ ನಿಯಮಗಳ ಪ್ರಕಾರ ಮೂರು ಗರ್ಭಪಾತ ಮತ್ತು ಎರಡು ಸಲ ಪಾಸಿಟಿವ್ ಬಂದ ಪ್ರತಿಕಾಯವಿದ್ದರೆ ಹೆಣ್ಣೊಬ್ಬಳನ್ನು ಈ ಕಾಯಿಲೆಯವಳೆಂದು ಗುರುತಿಸಬಹುದಿತ್ತು. ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರ ಸಂಘಗಳು ಸೇರಿ ತಂದ ಹೊಸ ನಿಯಮಗಳು ಅಂಕ ಕೊಡುತ್ತವೆ. ದೇಹಲಕ್ಷಣಗಳಿಂದ ಕನಿಷ್ಠ 3 ಅಂಕ ಬೇಕು. ಮೊದಲ ತಿಂಗಳುಗಳಲ್ಲಿ ಸಾಲಾಗಿ ಮೂರು ಗರ್ಭ ಹೋದರೂ ಅದಕ್ಕೆ ಸಿಗುವುದು ಒಂದೇ ಅಂಕ. ಇದು ಸಂಶೋಧನೆಗೆ ರೋಗಿಗಳನ್ನು ಆರಿಸಲು ಮಾತ್ರ, ಚಿಕಿತ್ಸೆ ನಿರ್ಧರಿಸಲು ಅಲ್ಲ ಎಂದು ರಚಿಸಿದವರು ಸ್ಪಷ್ಟವಾಗಿ ಹೇಳಿದ್ದಾರೆ. ಆರಂಭದ ಗರ್ಭಪಾತಕ್ಕೆ ಬೇರೆ ಕಾರಣಗಳೂ ಬಹಳ ಇವೆ ಎಂಬ ಅವರ ವಾದದಲ್ಲಿ ಹುರುಳಿದೆ. ಆದರೆ ಸಂಶೋಧನೆಯ ನಿಯಮಗಳು ಆಸ್ಪತ್ರೆಯ ಮೇಜಿಗೆ ಇಳಿದುಬಿಡುತ್ತವೆ ಎಂಬುದು ಪ್ರಸೂತಿ ವೈದ್ಯರ ಆತಂಕ. ನನಗೂ ಅದೇ ಆತಂಕ. ಇಂಥ ಹೆಂಗಸರನ್ನು ಮುಂದಿನ ಪ್ರಯೋಗಗಳಿಂದ ಹೊರಗಿಟ್ಟರೆ, ಹೆಪಾರಿನ್ ಅವರಿಗೆ ಎಷ್ಟು ಉಪಯೋಗ ಎಂಬುದಕ್ಕೆ ಹೊಸ ಉತ್ತರ ಎಲ್ಲಿಂದ ಬರಬೇಕು? 1997ರಲ್ಲಿ ಲಂಡನ್ನಿನ ಆ 90 ಮಂದಿಯಿಂದ ದೊರೆತ ಉತ್ತರವನ್ನೇ ಇನ್ನೂ ಎಷ್ಟು ಕಾಲ ನೆಚ್ಚಿಕೊಳ್ಳಬೇಕು ಎಂಬುದು ಈ ವೈದ್ಯಶಾಖೆ ಬಗೆಹರಿಸಿಕೊಳ್ಳಬೇಕಾದ ಮುಂದಿನ ಪ್ರಶ್ನೆ.